ಯೋಹಾನ್ಸನ್ ಯುಯೆಫಾ ಗೆದ್ದರು, ಫಿಫಾ ಯಾಕೆ ಸೋತರು?

ಪ್ರಶ್ನೆ: ಯೂರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಹೇಗೆ ಶುರುವಾಯ್ತು ಅಂತ ಓದುವಾಗೆಲ್ಲ ಲೆನ್ನಾರ್ಟ್ ಯೋಹಾನ್ಸನ್ ಅನ್ನೋ ಹೆಸರು ಸಿಗುತ್ತೆ. ಇವರು ಹೆಸರಾಂತ ಆಟಗಾರರೂ ಅಲ್ಲ, ಕೋಚೂ ಅಲ್ಲ. ನೆಲಹಾಸಿನ ಕಂಪನಿಯಲ್ಲಿದ್ದ ಸ್ವೀಡನ್ ದೇಶದ ಒಬ್ಬರು 17 ವರ್ಷ ಯುಯೆಫಾ ಅನ್ನೋ ಒಕ್ಕೂಟದ ಅಧ್ಯಕ್ಷರಾಗಿ ಯೂರೋಪಿನ ಫುಟ್‌ಬಾಲ್ ಹೇಗೆ ನಡೆಸಿದರು? ಅಷ್ಟು ಪ್ರಭಾವ ಇದ್ದವರು 1998ರಲ್ಲಿ ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾದ ಅಧ್ಯಕ್ಷ ಚುನಾವಣೆಯಲ್ಲಿ ಸೆಪ್ ಬ್ಲಾಟರ್ ಎದುರು ಯಾಕೆ ಸೋತರು? ಮೋಸ ನಡೆದಿತ್ತಾ?

ಉತ್ತರ: ಕೊನೆಯ ಪ್ರಶ್ನೆಗೆ ಎಲ್ಲರೂ ಮೊದಲು ಹಾರುತ್ತಾರೆ. ಅದಕ್ಕೂ ಬರುತ್ತೇನೆ. ಆದರೆ ಯೋಹಾನ್ಸನ್ ಯಾವ ದಾರಿಯಲ್ಲಿ ಮೇಲೆ ಬಂದರು ಅನ್ನೋದು ಗೊತ್ತಾಗದೆ ಅವರ ಸೋಲು ಅರ್ಥ ಆಗಲ್ಲ. ಗೆಲ್ಲಿಸಿದ ಗುಣವೇ ಅವರನ್ನು ಸೋಲಿಸಿದ್ದು ಅನ್ನೋದು ನನ್ನ ಅಭಿಪ್ರಾಯ.

ಯೋಹಾನ್ಸನ್ ಹುಟ್ಟಿದ್ದು 1929ರ ನವೆಂಬರ್ 5ರಂದು, ಸ್ಟಾಕ್‌ಹೋಮ್ ಕಡೆ. ಕೆಲಸ ಮಾಡಿದ್ದು ಫೋರ್ಬೋ ಫೋರ್ಷಾಗಾ ಅನ್ನೋ ನೆಲಹಾಸು ಕಂಪನಿಯಲ್ಲಿ. ಕೆಳಗಿನಿಂದ ಶುರುಮಾಡಿ ಅದರ ಮುಖ್ಯಸ್ಥರಾದರು. ಫುಟ್‌ಬಾಲ್ ಅವರಿಗೆ ಸಂಜೆಯ ಮತ್ತು ವಾರಾಂತ್ಯದ ಕೆಲಸ. ಸ್ಟಾಕ್‌ಹೋಮಿನ ಹಳೆಯ ಕ್ಲಬ್ ಎಐಕೆ ಅವರ ಪ್ರಾಣ. 1891ರಲ್ಲಿ ಶುರುವಾದ ಆ ಕ್ಲಬ್ಬಿನ ಅಧ್ಯಕ್ಷಗಿರಿಯನ್ನು 1960ರ ದಶಕದ ಕೊನೆಯಿಂದ ಹತ್ತಕ್ಕೂ ಹೆಚ್ಚು ವರ್ಷ ನಿಭಾಯಿಸಿದರು.

ಇಲ್ಲಿ ಸ್ವೀಡನ್ನಿನ ಪದ್ಧತಿ ಸ್ವಲ್ಪ ಹೇಳಬೇಕು. ಅಲ್ಲಿ ಕ್ಲಬ್ ಅಂದರೆ ಯಾರೋ ಸಾಹುಕಾರನ ಆಸ್ತಿ ಅಲ್ಲ, ಸದಸ್ಯರ ಸಂಘ. ವರ್ಷಕ್ಕೊಮ್ಮೆ ಸಭೆ ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ, ಲೆಕ್ಕ ಕೇಳುತ್ತಾರೆ. ಕೂಗಾಡುವವರಿಗೆ ಅಲ್ಲಿ ಬೆಲೆ ಕಡಿಮೆ. ಎಲ್ಲರ ಮಾತು ಕೇಳಿ, ಕೊನೆಗೆ ಎಲ್ಲರೂ ತಲೆಯಾಡಿಸುವ ತೀರ್ಮಾನ ತರುವವರೇ ಮೇಲೆ ಬರೋದು. ಯೋಹಾನ್ಸನ್ ಆ ಶಾಲೆಯಲ್ಲಿ ಪಳಗಿದವರು. ಕೊಟ್ಟ ಮಾತಿಗೆ ತಪ್ಪಬಾರದು, ಎದುರಿನವರೂ ತಪ್ಪಲ್ಲ ಅನ್ನೋದು ಅವರ ನಂಬಿಕೆ. ಈ ಎರಡನೇ ಭಾಗ ಮುಂದೆ ಅವರಿಗೆ ಕೈಕೊಟ್ಟಿತು.

1980ರ ದಶಕದ ಮಧ್ಯದಲ್ಲಿ ಅವರು ಸ್ವೀಡನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾದರು. ಅವರ ಕಾಲದಲ್ಲೇ, 1988ರಲ್ಲಿ, ಯೂರೋಪಿನ ದೇಶಗಳು ಆಡುವ ಯೂರೋ ಟೂರ್ನಿಯ 1992ರ ಆತಿಥ್ಯ ಸ್ವೀಡನ್‌ಗೆ ಸಿಕ್ಕಿತು. ಎದುರಿಗಿದ್ದದ್ದು ಸ್ಪೇನ್. ಎಂಟೇ ತಂಡಗಳ ಪುಟ್ಟ ಟೂರ್ನಿ ಅದು. ಯುದ್ಧದ ಕಾರಣ ಯುಗೊಸ್ಲಾವಿಯಾವನ್ನು ಹೊರಗಿಟ್ಟರು, ಕೊನೇ ಗಳಿಗೆಯಲ್ಲಿ ಬಂದ ಡೆನ್ಮಾರ್ಕ್ ಗೋಥೆನ್‌ಬರ್ಗ್‌ನ ಫೈನಲ್‌ನಲ್ಲಿ ಜರ್ಮನಿಯನ್ನು 2-0ರಿಂದ ಸೋಲಿಸಿತು. ಆ ಹೊತ್ತಿಗೆ ಯೋಹಾನ್ಸನ್ ಯುಯೆಫಾ ಅಧ್ಯಕ್ಷರಾಗಿ ಎರಡು ವರ್ಷ ಆಗಿತ್ತು. 1990ರ ಏಪ್ರಿಲ್‌ನಲ್ಲಿ ಮಾಲ್ಟಾದಲ್ಲಿ ನಡೆದ ಸಭೆಯಲ್ಲಿ ಸ್ವಿಟ್ಜರ್ಲೆಂಡಿನ ಫ್ರೆಡಿ ರ‍್ಯೂಮೊ ಅವರನ್ನು ಸೋಲಿಸಿ ಆ ಕುರ್ಚಿಗೆ ಬಂದಿದ್ದರು.

ಬಂದ ಗಳಿಗೆ ನೋಡಿ. ಬರ್ಲಿನ್ ಗೋಡೆ ಬಿದ್ದು ಕೆಲವೇ ತಿಂಗಳು. ಸೋವಿಯತ್ ಒಕ್ಕೂಟ ಒಡೆಯಿತು, ಯುಗೊಸ್ಲಾವಿಯಾ ಒಡೆಯಿತು, ಚೆಕೊಸ್ಲೊವಾಕಿಯಾ ಎರಡಾಯಿತು. ಸುಮಾರು 35 ಇದ್ದ ಯುಯೆಫಾ ಸದಸ್ಯ ದೇಶಗಳ ಸಂಖ್ಯೆ ಅವರು ಇಳಿಯುವ ಹೊತ್ತಿಗೆ 50 ದಾಟಿತ್ತು. ಹೊಸ ದೇಶ ಅಂದರೆ ಹೊಸ ಲೀಗ್, ಹೊಸ ತಂಡ, ಅದರ ಜೊತೆಗೆ ಒಂದು ಹೊಸ ವೋಟು. ಈ ವೋಟಿನ ಮಾತು ನೆನಪಿಟ್ಟುಕೊಳ್ಳಿ.

ಅದೇ ಸಮಯಕ್ಕೆ ಪಶ್ಚಿಮದಲ್ಲಿ ದೊಡ್ಡ ಕ್ಲಬ್ಬುಗಳು ಗೊಣಗಲು ಶುರುಮಾಡಿದ್ದವು. ಹಳೆಯ ಯೂರೋಪಿಯನ್ ಕಪ್ ಪೂರ್ತಿ ನಾಕೌಟ್. 1987ರಲ್ಲಿ ಮೊದಲ ಸುತ್ತಿನಲ್ಲೇ ರಿಯಲ್ ಮ್ಯಾಡ್ರಿಡ್‌ಗೆ ಮರಡೋನಾನ ನಾಪೋಲಿ ಎದುರಾಯಿತು. ಸೋತ ನಾಪೋಲಿ ಆ ವರ್ಷಕ್ಕೆ ಮನೆಗೆ. ಆಟ ನೋಡುವವರಿಗೆ ಇದೇ ರೋಚಕ. ಟಿವಿ ಚಾನೆಲ್ಲು, ಕ್ಲಬ್ಬು ಎರಡೂ ಇಟ್ಟುಕೊಂಡಿದ್ದ ಮಿಲಾನ್‌ನ ಸಿಲ್ವಿಯೊ ಬರ್ಲುಸ್ಕೋನಿಗೆ ಇದು ಬರೀ ನಷ್ಟ. ದೊಡ್ಡವರದ್ದೇ ಪ್ರತ್ಯೇಕ ಲೀಗ್ ಬೇಕು ಅನ್ನೋ ಮಾತು ಆಗಲೇ ತೇಲಾಡುತ್ತಿತ್ತು.

ಯೋಹಾನ್ಸನ್ ಮತ್ತು ಯುಯೆಫಾದ ಪ್ರಧಾನ ಕಾರ್ಯದರ್ಶಿ ಗೆರ್ಹಾರ್ಡ್ ಐಗ್ನರ್ ಇದಕ್ಕೆ ಕೊಟ್ಟ ಉತ್ತರವೇ ಚಾಂಪಿಯನ್ಸ್ ಲೀಗ್. 1991-92ರಲ್ಲಿ ಕೊನೆಯ ಎಂಟು ತಂಡಗಳನ್ನು ಎರಡು ಗುಂಪು ಮಾಡಿ ಆಡಿಸಿ ನೋಡಿದರು. ಮರುವರ್ಷ ಹೊಸ ಹೆಸರು ಬಂತು. ಆದರೆ ನಿಜವಾದ ಬದಲಾವಣೆ ಗುಂಪು ಹಂತ ಅಲ್ಲ, ಮಾರಾಟದ ರೀತಿ. ಅಲ್ಲಿಯವರೆಗೆ ಪ್ರತಿ ಕ್ಲಬ್ಬೂ ತನ್ನ ಊರಿನ ಪಂದ್ಯದ ಟಿವಿ ಹಕ್ಕು, ಮೈದಾನದ ಜಾಹೀರಾತು ಫಲಕ ತಾನೇ ಮಾರಿಕೊಳ್ಳುತ್ತಿತ್ತು. ಗುಂಪು ಹಂತದಿಂದ ಮುಂದಕ್ಕೆ ಅದನ್ನೆಲ್ಲ ಒಟ್ಟು ಮಾಡಿ ಯುಯೆಫಾ ಹೆಸರಲ್ಲಿ ಮಾರೋದು ಅಂತ ಆಯಿತು. ಆ ಕೆಲಸ ಸ್ವಿಟ್ಜರ್ಲೆಂಡಿನ ಲ್ಯೂಸರ್ನ್‌ನ 'ಟೀಮ್' ಅನ್ನೋ ಕಂಪನಿಗೆ ಹೋಯಿತು. ಕ್ಲೌಸ್ ಹೆಂಪೆಲ್ ಮತ್ತು ಯೂರ್ಗೆನ್ ಲೆನ್ಜ್ ಅದರ ಹಿಂದಿದ್ದವರು. ನಕ್ಷತ್ರಗಳ ಚೆಂಡಿನ ಗುರುತು, ಹ್ಯಾಂಡೆಲ್‌ನ ಹಳೆಯ ಸಂಗೀತದ ಧಾಟಿಯಲ್ಲಿ ಟೋನಿ ಬ್ರಿಟನ್ ಮಾಡಿದ ಆ ಗೀತೆ, ಎಲ್ಲ ಊರಲ್ಲೂ ಒಂದೇ ಥರ ಕಾಣುವ ಮೈದಾನ, ಇದೆಲ್ಲ ಆಗ ಬಂದದ್ದು. ಇವತ್ತು ರಾತ್ರಿ ಒಂದೂವರೆಗೆ ಎದ್ದು ಕೂತು ನೋಡುವ ನಮಗೆ ಆ ಗೀತೆ ಕೇಳಿದರೆ ಮೈ ಜುಮ್ ಅನ್ನುತ್ತೆ ಅಲ್ವಾ? ಅದು ಪಕ್ಕಾ ಮಾರ್ಕೆಟಿಂಗ್ ಸರಕು.

ಇದೆಲ್ಲ ಯೋಹಾನ್ಸನ್ ಅವರ ತಲೆಯಲ್ಲಿ ಹುಟ್ಟಿದ್ದು ಅಂತ ಕೆಲವರು ಬರೆಯುತ್ತಾರೆ. ನಾನು ಅಷ್ಟು ದೂರ ಹೋಗಲ್ಲ. ಗುಂಪು ಹಂತದ ಸಲಹೆ ಕ್ಲಬ್ಬುಗಳ ಕಡೆಯಿಂದ ಬಂತು, ವಿನ್ಯಾಸ ಮಾರ್ಕೆಟಿಂಗ್‌ನವರದು, ದಿನದಿನದ ಕೆಲಸ ಐಗ್ನರ್ ಅವರದು. ಯೋಹಾನ್ಸನ್ ಮಾಡಿದ್ದು ಬೇರೆ. ದೊಡ್ಡ ಕ್ಲಬ್ಬಿಗೆ ಜಾಸ್ತಿ ದುಡ್ಡು, ಸಣ್ಣ ದೇಶದ ಸಂಸ್ಥೆಗೂ ಒಂದಿಷ್ಟು ಪಾಲು ಅಂತ ಹೇಳಿ ಇಬ್ಬರನ್ನೂ ಒಂದೇ ಸೂರಿನಡಿ ಇಟ್ಟರು. ಒಪ್ಪಿಗೆ ಗಿಟ್ಟಿಸೋದು ಅವರ ಕಸುಬು. ಅದರಲ್ಲಿ ಅವರನ್ನು ಮೀರಿಸಿದವರು ಆ ಕಾಲದಲ್ಲಿ ಕಡಿಮೆ.

ಆದರೆ ಹೀಗೆ ಒಪ್ಪಿಸುತ್ತಾ ಹೋದರೆ ಒಂದು ತೊಂದರೆ ಇದೆ. ದೊಡ್ಡವರು ಪ್ರತಿ ಸಲ ಹೊರಗೆ ಹೋಗ್ತೀವಿ ಅಂತ ಹೆದರಿಸುತ್ತಾರೆ, ಪ್ರತಿ ಸಲ ಸ್ವಲ್ಪ ಬಿಟ್ಟುಕೊಡಬೇಕು. 1997ರಿಂದ ಎಂಟು ದೇಶಗಳ ಎರಡನೇ ಸ್ಥಾನದ ತಂಡಕ್ಕೂ ಪ್ರವೇಶ ಸಿಕ್ಕಿತು. 1998ರಲ್ಲಿ ಮಿಲಾನ್‌ನ ಮೀಡಿಯಾ ಪಾರ್ಟ್‌ನರ್ಸ್ ಅನ್ನೋ ಕಂಪನಿ ಸೂಪರ್ ಲೀಗ್ ಯೋಜನೆ ಹಿಡಿದು ಬಂತು. ಅದನ್ನು ತಡೆಯಲು ಯುಯೆಫಾ 1999-2000ರಿಂದ ಚಾಂಪಿಯನ್ಸ್ ಲೀಗ್ ಗುಂಪು ಹಂತವನ್ನು 32 ತಂಡಗಳಿಗೆ ಏರಿಸಿತು, ದೊಡ್ಡ ದೇಶಗಳಿಗೆ ನಾಲ್ಕರವರೆಗೆ ಜಾಗ ಕೊಟ್ಟಿತು. ದೇಶದ ಕಪ್ ಗೆದ್ದ ಕ್ಲಬ್ಬುಗಳು ಆಡುತ್ತಿದ್ದ ಕಪ್ ವಿನ್ನರ್ಸ್ ಕಪ್ ನಿಂತೇ ಹೋಯಿತು. 1999ರಲ್ಲಿ ಲಾಜಿಯೊ ಗೆದ್ದದ್ದೇ ಅದರ ಕೊನೆ. ಹಾಗಂತ ಎಲ್ಲದಕ್ಕೂ ಹೂಂ ಅಂದರು ಅಂತಲ್ಲ. ಕ್ಲಬ್ಬುಗಳಿಗೆ ಲಾಭ ತರುತ್ತಿದ್ದ ಎರಡನೇ ಗುಂಪು ಹಂತವನ್ನು 2003ರಿಂದ ತೆಗೆದುಹಾಕಿದ್ದು ಇದೇ ಯುಯೆಫಾ.

ಇದರ ಮಧ್ಯೆ 1995ರ ಡಿಸೆಂಬರ್ 15ರಂದು ಬೆಲ್ಜಿಯಂ ಆಟಗಾರ ಬೋಸ್ಮನ್ ಹಾಕಿದ್ದ ಕೇಸಿನ ತೀರ್ಪು ಬಂತು. ಒಪ್ಪಂದ ಮುಗಿದ ಆಟಗಾರ ಹಳೆಯ ಕ್ಲಬ್ಬಿಗೆ ವರ್ಗಾವಣೆ ಶುಲ್ಕ ಸಿಗದೆಯೂ ಇನ್ನೊಂದು ಕ್ಲಬ್ಬಿಗೆ ಹೋಗಬಹುದು, ಯೂರೋಪಿಯನ್ ಒಕ್ಕೂಟದೊಳಗಿನ ಆಟಗಾರರಿಗೆ 'ವಿದೇಶಿ' ಮಿತಿ ಹಾಕುವಂತಿಲ್ಲ ಅಂತ ಯೂರೋಪಿನ ನ್ಯಾಯಾಲಯ ಹೇಳಿತು. ಯುಯೆಫಾ ಇದನ್ನು ಕೊನೆವರೆಗೂ ವಿರೋಧಿಸಿ ಸೋತಿತು. ಚಾಂಪಿಯನ್ಸ್ ಲೀಗ್‌ನ ದುಡ್ಡು ಮತ್ತು ಬೋಸ್ಮನ್‌ನ ಸ್ವಾತಂತ್ರ್ಯ ಸೇರಿದಾಗ ಏನಾಯಿತು ಅನ್ನೋದಕ್ಕೆ ಅವರ ಸ್ವಂತ ದೇಶವನ್ನೇ ನೋಡಿ. 1979ರಲ್ಲಿ ಮಾಲ್ಮೊ ಯೂರೋಪಿಯನ್ ಕಪ್ ಫೈನಲ್ ಆಡಿತ್ತು. ಐಎಫ್‌ಕೆ ಗೋಥೆನ್‌ಬರ್ಗ್ 1982 ಮತ್ತು 1987ರಲ್ಲಿ ಯುಯೆಫಾ ಕಪ್ಪನ್ನೇ ಗೆದ್ದಿತ್ತು. ಅದೇ ತಂಡ 1994-95ರ ಚಾಂಪಿಯನ್ಸ್ ಲೀಗ್‌ನಲ್ಲಿ ಬಾರ್ಸಿಲೋನಾ, ಮ್ಯಾಂಚೆಸ್ಟರ್ ಯುನೈಟೆಡ್ ಎರಡೂ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ ಪಡೆದು ಕ್ವಾರ್ಟರ್ ಫೈನಲ್‌ಗೆ ಹೋಯಿತು. ಅದಾದ ಮೇಲೆ ಸ್ವೀಡನ್ನಿನ ಯಾವ ಕ್ಲಬ್ಬೂ ಈ ಟೂರ್ನಿಯಲ್ಲಿ ಅಷ್ಟು ದೂರ ಹೋಗಿಲ್ಲ. ಒಳ್ಳೆ ಹುಡುಗ ಬೆಳೆದ ಅಂದರೆ ಇಪ್ಪತ್ತು ತುಂಬುವ ಹೊತ್ತಿಗೆ ಹಾಲೆಂಡೋ ಇಂಗ್ಲೆಂಡೋ ಸೇರುತ್ತಾನೆ.

ಯೋಹಾನ್ಸನ್ ಅವರ ಎಐಕೆ ಕೂಡ ಒಮ್ಮೆ ಗುಂಪು ಹಂತ ಮುಟ್ಟಿತು. 1999ರಲ್ಲಿ, ಬಾರ್ಸಿಲೋನಾ, ಆರ್ಸೆನಲ್, ಫಿಯೊರೆಂಟಿನಾ ಜೊತೆ. ಕೊನೇ ಸ್ಥಾನ. ಅವರು ಕಟ್ಟಿದ ಟೂರ್ನಿಯಲ್ಲೇ ಅವರ ಕ್ಲಬ್ ಅತಿಥಿಯಾಗಿ ಬಂದು ಹೋಯಿತು. ಇದನ್ನು ಅವರ ಮೇಲಿನ ಆರೋಪವಾಗಿ ಹೇಳುತ್ತಿಲ್ಲ. ಅವರು ಒಪ್ಪದಿದ್ದರೆ ದೊಡ್ಡ ಕ್ಲಬ್ಬುಗಳು ಯುಯೆಫಾ ಬಿಟ್ಟೇ ಹೋಗುತ್ತಿದ್ದವು, ಸಣ್ಣವರಿಗೆ ಅದೂ ಇರುತ್ತಿರಲಿಲ್ಲ ಅನ್ನೋ ವಾದದಲ್ಲಿ ಹುರುಳಿದೆ. ಆದರೆ ಬೆಲೆ ತೆತ್ತವರು ಯಾರು ಅನ್ನೋದು ಮರೆಯಬಾರದು.

ಆ ವರ್ಷದ ಒಂದು ತಮಾಷೆ ಹೇಳಿ ಮುಂದೆ ಹೋಗ್ತೀನಿ. 1999ರ ಮೇ ತಿಂಗಳ ಬಾರ್ಸಿಲೋನಾ ಫೈನಲ್. 90 ನಿಮಿಷಕ್ಕೆ ಬಯರ್ನ್ ಮ್ಯೂನಿಕ್ 1-0 ಮುಂದಿತ್ತು. ಕಪ್ ಕೊಡೋಕೆ ಅಂತ ಯೋಹಾನ್ಸನ್ ಗ್ಯಾಲರಿಯಿಂದ ಎದ್ದು ಕೆಳಗೆ ಹೊರಟರು. ಅವರು ಇಳಿದು ಬರುವಷ್ಟರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎರಡು ಗೋಲು ಹೊಡೆದಿತ್ತು. ಮೈದಾನಕ್ಕೆ ಕಾಲಿಟ್ಟರೆ ಗೆದ್ದವರು ಅಳುತ್ತಿದ್ದಾರೆ, ಸೋತವರು ಕುಣಿಯುತ್ತಿದ್ದಾರೆ, ಇದೇನಪ್ಪಾ ಅಂತ ತಬ್ಬಿಬ್ಬಾದರಂತೆ. ಫುಟ್‌ಬಾಲ್ ಇತಿಹಾಸದ ಅತಿ ರೋಚಕ ಮೂರು ನಿಮಿಷವನ್ನು ಅದರ ಯಜಮಾನರೇ ನೋಡಲಿಲ್ಲ.

ಈಗ 1998ರ ವಿಷಯ.

ಫಿಫಾವನ್ನು 1974ರಿಂದ ಆಳುತ್ತಿದ್ದವರು ಬ್ರೆಜಿಲ್‌ನ ಜೋವಾ ಹವೆಲಾಂಜ್. ಯಾರನ್ನೂ ಕೇಳದೆ ತೀರ್ಮಾನ ಮಾಡುವ ಅವರ ರೀತಿ ಯೋಹಾನ್ಸನ್ ಅವರಿಗೆ ಸರಿಬರುತ್ತಿರಲಿಲ್ಲ. 1995ರಲ್ಲಿ ಯುಯೆಫಾ ಒಂದು ಯೋಜನೆ ಮುಂದಿಟ್ಟಿತು: ವಿಶ್ವಕಪ್ ಆತಿಥ್ಯ ಖಂಡದಿಂದ ಖಂಡಕ್ಕೆ ಸರದಿಯಂತೆ ಹೋಗಲಿ, ಫಿಫಾ ಅಧ್ಯಕ್ಷ ಸ್ಥಾನವೂ ಹಾಗೇ ತಿರುಗಲಿ, ಲೆಕ್ಕಪತ್ರ ಬಯಲಲ್ಲಿರಲಿ. 2002 ಮತ್ತು 2006ರ ವಿಶ್ವಕಪ್ ಟಿವಿ ಹಕ್ಕುಗಳನ್ನು ಫಿಫಾ ಮಾರಿದ ರೀತಿಯನ್ನೂ ಅವರು ಪ್ರಶ್ನಿಸಿದರು. ಮುಂದಿನ ಚುನಾವಣೆಗೆ ನಿಲ್ಲಲ್ಲ ಅಂತ ಹವೆಲಾಂಜ್ 1996ರ ಕೊನೆಗೆ ಹೇಳಿದಾಗ, ಯೋಹಾನ್ಸನ್ ಗೆಲುವು ಖಚಿತ ಅಂತಲೇ ಬಹಳ ಜನ ಅಂದುಕೊಂಡಿದ್ದರು.

ಅವರ ಲೆಕ್ಕ ಹೀಗಿತ್ತು. ಯೂರೋಪ್ ಜೊತೆಗಿದೆ. ಆಫ್ರಿಕಾದ ಒಕ್ಕೂಟದ ಅಧ್ಯಕ್ಷ ಇಸಾ ಹಯಾತು ಜೊತೆ 1997ರಲ್ಲಿ 'ಮೆರಿಡಿಯನ್' ಅನ್ನೋ ಸಹಕಾರ ಒಪ್ಪಂದ ಆಗಿದೆ. ಎರಡು ಖಂಡ ಸೇರಿದರೆ ಬಹುಮತ. ಕಾಗದದ ಮೇಲೆ ಸರಿಯೇ.

ಆದರೆ ಫಿಫಾದಲ್ಲಿ ಖಂಡಗಳು ವೋಟು ಹಾಕಲ್ಲ, ದೇಶಗಳು ಹಾಕುತ್ತವೆ. ಜರ್ಮನಿಗೂ ಒಂದು, ಭಾರತಕ್ಕೂ ಒಂದು, ಕೆರಿಬಿಯನ್ನಿನ ಸಣ್ಣ ದ್ವೀಪಕ್ಕೂ ಒಂದು. ಅದೂ ಗುಪ್ತ ಮತದಾನ. ಊರಿನ ಯಜಮಾನ ಒಪ್ಪಿದ ಮಾತ್ರಕ್ಕೆ ಮನೆ ಮನೆಯ ವೋಟು ಬೀಳಲ್ಲ ಅನ್ನೋದು ನಮ್ಮಲ್ಲಿ ಪಂಚಾಯ್ತಿ ಚುನಾವಣೆಗೆ ನಿಂತ ಯಾರಿಗೂ ಗೊತ್ತು. ಯೋಹಾನ್ಸನ್ ಯಜಮಾನರ ಜೊತೆ ಮಾತಾಡಿದರು. ಬ್ಲಾಟರ್ ಮನೆ ಮನೆಗೆ ಹೋದರು.

ಬ್ಲಾಟರ್‌ಗೆ ಅದು ಸುಲಭವೂ ಆಗಿತ್ತು. 1975ರಿಂದ ಫಿಫಾದಲ್ಲಿ, 1981ರಿಂದ ಅದರ ಪ್ರಧಾನ ಕಾರ್ಯದರ್ಶಿ. ತರಬೇತಿ ಶಿಬಿರ, ಸಹಾಯಧನ ಅಂತ ಸಣ್ಣ ದೇಶಗಳ ಕಚೇರಿ ಬಾಗಿಲೆಲ್ಲ ಪರಿಚಯ. 1998ರ ಮಾರ್ಚ್ ಕೊನೆಯಲ್ಲಿ, ಚುನಾವಣೆಗೆ ಎರಡೇ ತಿಂಗಳಿಗೂ ಸ್ವಲ್ಪ ಹೆಚ್ಚು ಇರುವಾಗ, ಫ್ರಾನ್ಸಿನ ಮಾಜಿ ಆಟಗಾರ ಮಿಷೆಲ್ ಪ್ಲಾಟಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪರ್ಧೆ ಘೋಷಿಸಿದರು. ಸಣ್ಣ ಸಂಸ್ಥೆಗಳಿಗೆ ನೇರ ಸಹಾಯ ಅನ್ನೋದು ಅವರ ಮುಖ್ಯ ಭರವಸೆ. ಗೆದ್ದ ಮೇಲೆ ಪ್ರತಿ ಸದಸ್ಯ ಸಂಸ್ಥೆಗೂ ವರ್ಷಕ್ಕೆ 2.5 ಲಕ್ಷ ಡಾಲರ್ ಕೊಡುವ ಯೋಜನೆ ತಂದರು. ಕಚೇರಿಗೆ ಕರೆಂಟ್ ಬಿಲ್ ಕಟ್ಟಲು ಪರದಾಡುವ ಸಂಸ್ಥೆಗೆ ಇದರ ಮುಂದೆ ಆಡಳಿತ ಸುಧಾರಣೆಯ ದಾಖಲೆ ಯಾವ ಲೆಕ್ಕ?

ಇನ್ನೊಂದು ಗಾಯ ಯೋಹಾನ್ಸನ್ ತಾವೇ ಮಾಡಿಕೊಂಡದ್ದು. 1996ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರ ಜೊತೆ ಮಾತಾಡುವಾಗ, ದಕ್ಷಿಣ ಆಫ್ರಿಕಾದಲ್ಲಿ ತಾವು ಕಂಡ ಸಭೆಯ ಬಗ್ಗೆ ಅಲ್ಲಿನವರ ಮೈಬಣ್ಣ ಹಿಡಿದು ಹೀನಾಯವಾದ ಮಾತು ಆಡಿದರು. ಆಮೇಲೆ ಕ್ಷಮೆ ಕೇಳಿದರು. ಹಳೇ ಕಾಲದವರ ಬಾಯಿತಪ್ಪು ಅಂತ ಅವರ ಅಭಿಮಾನಿಗಳು ತಳ್ಳಿಹಾಕುತ್ತಾರೆ. ನಾನು ಹಾಗೆ ಬಿಡಲಾರೆ. ಆಫ್ರಿಕಾದ ವೋಟು ನಂಬಿಕೊಂಡು ನಿಂತವರು ಆಫ್ರಿಕಾದವರನ್ನು ಹೇಗೆ ನೋಡುತ್ತಿದ್ದರು ಅನ್ನೋದು ಅಲ್ಲಿ ಹೊರಬಿತ್ತು. 2005ರಲ್ಲಿ ಮಹಿಳಾ ಫುಟ್‌ಬಾಲ್ ಬಗ್ಗೆಯೂ ಇಂಥದ್ದೇ ಎಡವಟ್ಟು. ಮಳೆಯಲ್ಲಿ ಬೆವರು ಸುರಿಸಿ ಆಡುವ ಚೆಂದದ ಹುಡುಗಿಯರನ್ನು ತೋರಿಸಿದರೆ ಪ್ರಾಯೋಜಕರಿಗೆ ಮಾರಾಟ ಆಗುತ್ತೆ ಅನ್ನೋ ಅರ್ಥದ ಮಾತು. ಮಹಿಳಾ ಕ್ಲಬ್ಬುಗಳಿಗೆ ಯೂರೋಪ್ ಮಟ್ಟದ ಟೂರ್ನಿ 2001ರಲ್ಲಿ ಶುರುವಾಗಿದ್ದು ಅವರ ಅಧ್ಯಕ್ಷತೆಯಲ್ಲೇ ಅನ್ನೋದೂ ನಿಜ. ಎರಡೂ ಮಾಡಿದ್ದು ಒಬ್ಬರೇ.

ಇಂಗ್ಲೆಂಡ್ ಕೂಡ ಕೈಬಿಟ್ಟಿತು. 2006ರ ವಿಶ್ವಕಪ್‌ಗೆ ಯೂರೋಪಿನಿಂದ ಜರ್ಮನಿ ಮಾತ್ರ ನಿಲ್ಲಬೇಕು, 1996ರ ಯೂರೋ ಇಂಗ್ಲೆಂಡಿಗೆ ಹೋದಾಗಲೇ ಈ ಮಾತು ಆಗಿತ್ತು ಅನ್ನೋದು ಯೋಹಾನ್ಸನ್ ಅವರ ನಿಲುವು. ಇಂಗ್ಲೆಂಡಿಗೂ 2006 ಬೇಕಿತ್ತು. ಅದು ಬ್ಲಾಟರ್ ಕಡೆ ವಾಲಿತು. ಪ್ಲಾಟಿನಿಯ ಫ್ರಾನ್ಸೂ ಆ ಕಡೆಯೇ. ಅಂದರೆ ಗಟ್ಟಿ ಅಂದುಕೊಂಡಿದ್ದ ಯೂರೋಪೇ ಪೂರ್ತಿ ಗಟ್ಟಿ ಇರಲಿಲ್ಲ.

1998ರ ಜೂನ್ 8, ಪ್ಯಾರಿಸ್. ಬ್ಲಾಟರ್ 111, ಯೋಹಾನ್ಸನ್ 80. ಮೊದಲ ಸುತ್ತಿನಲ್ಲಿ ಗೆಲ್ಲಲು ಮೂರನೇ ಎರಡು ಭಾಗ ಬೇಕಿತ್ತು, ಅದು ಬ್ಲಾಟರ್‌ಗೂ ಸಿಕ್ಕಿರಲಿಲ್ಲ. ಎರಡನೇ ಸುತ್ತಿಗೆ ಹೋಗಬಹುದಿತ್ತು. ಯೋಹಾನ್ಸನ್ ಅಲ್ಲೇ ಸೋಲೊಪ್ಪಿಕೊಂಡರು.

ಮೋಸದ ಮಾತು ಆಗಲೇ ಹಬ್ಬಿತು. ಹಿಂದಿನ ರಾತ್ರಿ ಹೋಟೆಲ್‌ನಲ್ಲಿ ಲಕೋಟೆಗಳು ಓಡಾಡಿದವು ಅಂತ ಪತ್ರಿಕೆಗಳು ಬರೆದವು. ಬ್ಲಾಟರ್ ಅಲ್ಲಗಳೆದರು. ನಾಲ್ಕು ವರ್ಷದ ನಂತರ ಆಫ್ರಿಕಾದ ಅಧಿಕಾರಿಯೊಬ್ಬರು ತಮಗೇ ಲಂಚದ ಆಮಿಷ ಬಂದಿತ್ತು ಅಂದಾಗ, ಬ್ಲಾಟರ್ ಸ್ವಿಟ್ಜರ್ಲೆಂಡಿನ ಕೋರ್ಟಿಗೆ ಹೋಗಿ ಅವರ ವಿರುದ್ಧ ಗೆದ್ದರು. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಆರೋಪ ಇತ್ತು, ಸಾಬೀತಾಗಲಿಲ್ಲ. ನನ್ನ ಮಟ್ಟಿಗೆ, ಲಕೋಟೆಯ ಕಥೆ ಪಕ್ಕಕ್ಕಿಟ್ಟರೂ ಈ ಸೋಲು ಅರ್ಥವಾಗುತ್ತೆ. 31 ವೋಟಿನ ಅಂತರ ಸಣ್ಣದಲ್ಲ.

2002ರಲ್ಲಿ ಇನ್ನೊಂದು ಯತ್ನ ನಡೆಯಿತು. ಫಿಫಾದ ಹಣಕಾಸಿನ ಬಗ್ಗೆ ಕಾರ್ಯಕಾರಿ ಸಮಿತಿಯ 11 ಸದಸ್ಯರು ಜ್ಯೂರಿಕ್‌ನಲ್ಲಿ ಬ್ಲಾಟರ್ ವಿರುದ್ಧ ದೂರು ಕೊಟ್ಟರು. ಯೋಹಾನ್ಸನ್ ಅದರಲ್ಲಿ ಒಬ್ಬರು. ಅದೇ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದ ಫಿಫಾ ಅಧ್ಯಕ್ಷ ಚುನಾವಣೆಯಲ್ಲಿ ಅವರ ಬೆಂಬಲ ಇದ್ದ ಹಯಾತು ಬ್ಲಾಟರ್ ಎದುರು 139-56ರಿಂದ ಸೋತರು. ಅಂದರೆ ಆಫ್ರಿಕಾದ ನಾಯಕನೇ ನಿಂತರೂ ಆಫ್ರಿಕಾದ ವೋಟು ಒಟ್ಟಾಗಿ ಬೀಳಲಿಲ್ಲ. ದೂರು ಮುಂದೆ ನಿಲ್ಲಲಿಲ್ಲ.

ಯುಯೆಫಾದಲ್ಲಿ ಮಾತ್ರ ಅವರು ಭದ್ರವಾಗಿದ್ದರು. ಕಚೇರಿ ಬರ್ನ್‌ನಿಂದ ನಿಯೊನ್‌ಗೆ ಬಂದಿತ್ತು. 1999ರಲ್ಲಿ ಜಿನೀವಾ ಸರೋವರದ ದಂಡೆಯಲ್ಲಿ ಹೊಸ ಕಟ್ಟಡ ಎದ್ದಿತು. ಬ್ಯಾಂಕೊಂದು ಅಸೂಯೆಪಡುವಷ್ಟು ದುಡ್ಡಿತ್ತು. ಇಳಿಯುವ ಮಾತಾಡಿದ್ದವರು ಮತ್ತೆ ಮನಸ್ಸು ಬದಲಿಸಿ, 77ನೇ ವಯಸ್ಸಿನಲ್ಲಿ ಇನ್ನೊಂದು ಅವಧಿಗೆ ನಿಂತರು. ಎದುರಿಗೆ ಪ್ಲಾಟಿನಿ, ಅವರ ಬೆನ್ನಿಗೆ ಬ್ಲಾಟರ್.

ಪ್ಲಾಟಿನಿ ಮಾಡಿದ್ದು ಅದೇ ಮನೆ ಮನೆ ಓಡಾಟ, ಈ ಸಲ ಯೂರೋಪಿನೊಳಗೆ. ದೊಡ್ಡ ದೇಶಗಳಿಗೆ ಚಾಂಪಿಯನ್ಸ್ ಲೀಗ್‌ನಲ್ಲಿ ನಾಲ್ಕು ಜಾಗ ಯಾಕೆ, ಮೂರು ಸಾಕು, ಸಣ್ಣ ದೇಶದ ಚಾಂಪಿಯನ್ನರಿಗೆ ಜಾಗ ಬಿಡಿ ಅಂದರು. ಯೋಹಾನ್ಸನ್ ಅಧಿಕಾರಕ್ಕೆ ಬಂದ ಮೇಲೆ ಸೇರಿದ ಪೂರ್ವದ ದೇಶಗಳ ಕಿವಿಗೆ ಇದು ಇಂಪಾಗಿ ಕೇಳಿತು. 2007ರ ಜನವರಿ 26ರಂದು ಡ್ಯೂಸೆಲ್‌ಡಾರ್ಫ್‌ನಲ್ಲಿ ಪ್ಲಾಟಿನಿ 27, ಯೋಹಾನ್ಸನ್ 23. ಅವರನ್ನು ಗೌರವ ಅಧ್ಯಕ್ಷರನ್ನಾಗಿ ಮಾಡಿದರು. ಒಂಬತ್ತು ವರ್ಷದ ಹಿಂದೆ ಪ್ಯಾರಿಸ್‌ನಲ್ಲಿ ಕಲಿಯಬೇಕಿದ್ದ ಪಾಠ ಅವರು ಕಲಿತಿರಲಿಲ್ಲ ಅಂತ ನನಗನ್ನಿಸುತ್ತೆ.

ಅವರು ಕಟ್ಟಿದ ಮನೆಯಿಂದ ಹೊರಬಂದ ಅಧಿಕಾರಿಗಳ ಕಥೆ ಇನ್ನೊಂದು. ಯುಯೆಫಾ ಸಿಇಒ ಆಗಿದ್ದ ಸ್ವೀಡನ್ನಿನವರೇ ಆದ ಲಾರ್ಸ್-ಕ್ರಿಸ್ಟರ್ ಓಲ್ಸನ್ ಪ್ಲಾಟಿನಿ ಗೆದ್ದ ಬೆನ್ನಲ್ಲೇ ಹುದ್ದೆ ಬಿಟ್ಟರು. ಪ್ಲಾಟಿನಿ ಮತ್ತು ಬ್ಲಾಟರ್ ಇಬ್ಬರನ್ನೂ ಫಿಫಾದ ನೈತಿಕ ಸಮಿತಿ 2015ರಲ್ಲಿ 20 ಲಕ್ಷ ಫ್ರಾಂಕ್‌ನ ಒಂದು ಪಾವತಿಗಾಗಿ ನಿಷೇಧಿಸಿತು. ಅದೇ ವಿಷಯದ ಕ್ರಿಮಿನಲ್ ಕೇಸಿನಲ್ಲಿ ಸ್ವಿಸ್ ಕೋರ್ಟು 2022ರಲ್ಲಿ ಇಬ್ಬರನ್ನೂ ಖುಲಾಸೆ ಮಾಡಿತು. ಆ ಗಲಾಟೆಯಲ್ಲಿ ಖಾಲಿಯಾದ ಫಿಫಾ ಕುರ್ಚಿಗೆ 2016ರಲ್ಲಿ ಬಂದವರು ಜಿಯಾನಿ ಇನ್ಫಾಂಟಿನೊ. ಯುಯೆಫಾಗೆ ಅವರು ವಕೀಲರಾಗಿ ಸೇರಿದ್ದು 2000ದಲ್ಲಿ, ಯೋಹಾನ್ಸನ್ ಕಾಲದಲ್ಲಿ. ಗೆಲ್ಲುವ ಮುನ್ನ ಅವರು ಕೊಟ್ಟ ದೊಡ್ಡ ಭರವಸೆ ಏನು ಗೊತ್ತಾ? ಪ್ರತಿ ಸದಸ್ಯ ಸಂಸ್ಥೆಗೆ ನಾಲ್ಕು ವರ್ಷದಲ್ಲಿ 50 ಲಕ್ಷ ಡಾಲರ್.

ಯೋಹಾನ್ಸನ್ 2019ರ ಜೂನ್ 4ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಸ್ವೀಡನ್ನಿನ ಲೀಗ್ ಗೆದ್ದವರಿಗೆ 2001ರಿಂದ ಕೊಡುವ ಕಪ್ಪಿಗೆ ಅವರದೇ ಹೆಸರಿದೆ. ಅವರು ಬದುಕಿದ್ದಾಗ ಕೊನೆಯ ಬಾರಿ, 2018ರಲ್ಲಿ, ಅದನ್ನು ಗೆದ್ದದ್ದು ಎಐಕೆ.